ಅಮ್ಮನ ಹಣೆಗೆ ಹುಡುಕಿದ ಸಾಫ್ಟ್‌ವೇರ್

ನಾನು ತೆಗೆದಿರುವುದು ಒಂದೇ ಸಿನಿಮಾ. ಅದನ್ನು ಸಿನಿಮಾ ಎಂದು ಕರೆಯುವುದಕ್ಕೆ ಅಪ್ಪನ ಅಕ್ಕ, ಅಂದರೆ ನಮ್ಮತ್ತೆ, ಇವತ್ತಿಗೂ ಒಪ್ಪುವುದಿಲ್ಲ. ಹಾಡಿಲ್ಲ, ಫೈಟಿಲ್ಲ, ಕೂತ ಕುರ್ಚಿ ಬಿಸಿಯಾಗುವಷ್ಟರಲ್ಲಿ ಮುಗಿದುಹೋಗುತ್ತದೆ ಎಂಬುದು ಅವರ ದೂರು. ಗಂಡ ತೀರಿಕೊಂಡ ಮೇಲೆ, ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ ಅವನ ಸ್ಕೂಟರನ್ನು ಓಡಿಸಲು ಕಲಿಯುವ ಹೆಂಗಸೊಬ್ಬಳ ಕಥೆ ಅದು. ಕುವೆಂಪುನಗರದ ನಮ್ಮ ಮನೆಯಲ್ಲಿ, ನಮ್ಮದೇ ಬೀದಿಯಲ್ಲಿ, ಅವರಿವರನ್ನು ಕೇಳಿ ತಂದ ಕ್ಯಾಮೆರಾದಲ್ಲಿ ತೆಗೆದದ್ದು.

ಆ ಪಾತ್ರಕ್ಕೆ ಒಪ್ಪಿಕೊಂಡಿದ್ದ ಹವ್ಯಾಸಿ ನಾಟಕದ ನಟಿ ಶೂಟಿಂಗ್ ಶುರುವಾಗುವ ಹೊತ್ತಿಗೆ ಸರಿಯಾಗಿ ಕೈಕೊಟ್ಟರು. ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಲೇ, “ನಾನ್ ಮಾಡ್ಲೇನೇ?” ಎಂದು ಕೇಳಿದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಅವಳ ಮುಖ ನೋಡಿದೆ. ತಮಾಷೆ ಆಗಿರಲಿಲ್ಲ.

“ಒಂದೇ ಮಾತು. ಹಣೆ ಕುಂಕುಮ ತೆಗಿಯಲ್ಲ” ಎಂದಳು.

“ಅಮ್ಮ, ವಿಧವೆ ಪಾತ್ರ ಕಣಮ್ಮ ಅದು.”

“ಪಾತ್ರ ವಿಧವೆ. ನಾನಲ್ವಲ್ಲ.”

ಮೇಲೆ ಪೌಡರ್ ಹಚ್ಚಿ ಮುಚ್ಚೋಣ ಎಂದೆ. ಅದಕ್ಕೂ ಒಪ್ಪಲಿಲ್ಲ. “ಮುಚ್ಚೋದೂ ಒಂದೇ, ಅಳಿಸೋದೂ ಒಂದೇ. ನಿಮ್ ಕಂಪ್ಯೂಟರ್‌ನಲ್ಲಿ ಏನ್ ಬೇಕಾದ್ರೂ ಮಾಡ್ಕೊಳಿ, ಅದು ಬರೀ ಚಿತ್ರ. ಇದು ನನ್ ಹಣೆ” ಎಂದುಬಿಟ್ಟಳು. ಈಗಿನ ಕಾಲದಲ್ಲಿ ಗಂಡ ಇಲ್ಲದವರೂ ಕುಂಕುಮ ಇಟ್ಟುಕೊಳ್ಳುತ್ತಾರೆ, ಕಥೆಯನ್ನೇ ಬದಲಿಸಿದರಾಯಿತು ಎಂದು ಕೆಲವರು ಬುದ್ಧಿ ಹೇಳಿದರು. ಆದರೆ ನನ್ನ ಕಥೆಯ ಹೆಂಗಸು ಅಷ್ಟು ಗಟ್ಟಿಗಿತ್ತಿಯಲ್ಲ. ಸ್ಕೂಟರ್ ಹತ್ತಿದ್ದೇ ಅವಳ ಪಾಲಿಗೆ ದೊಡ್ಡ ಸಾಹಸ. ನಾನೂ ಹಟ ಬಿಡಲಿಲ್ಲ.

ಹೀಗೆ ಕುಂಕುಮ ಇಟ್ಟುಕೊಂಡ ವಿಧವೆಯನ್ನು ಇಟ್ಟುಕೊಂಡೇ ಇಡೀ ಸಿನಿಮಾ ಶೂಟ್ ಮಾಡಿದೆವು. ತಾಳಿ ರವಿಕೆಯ ಒಳಗೆ ಹೋಯಿತು. ಗಾಜಿನ ಬಳೆ ಕಾಣದಿರಲಿ ಎಂದು ಅಮ್ಮನಿಗೆ ಉದ್ದ ತೋಳಿನ ಸ್ವೆಟರ್ ಹಾಕಿಸಿದೆವು, ಬಿಸಿಲಿನಲ್ಲೂ. ಹೆಲ್ಮೆಟ್ ಹಾಕಿದ ದೃಶ್ಯಗಳಲ್ಲಿ ಮಾತ್ರ ನೆಮ್ಮದಿ. ಅಮ್ಮ ವರ್ಷಗಟ್ಟಲೆ ಗಾಡಿ ಓಡಿಸಿದವಳು. ಬಾರದವಳಂತೆ ನಟಿಸುವುದೇ ಅವಳಿಗೆ ಕಷ್ಟವಾಯಿತು. ಪಕ್ಕದ ಮನೆಯವರು ಗೇಟಿನಲ್ಲಿ ನಿಂತು ನಗುತ್ತಿದ್ದರು. ಅಷ್ಟು ಸುಖವಾಗಿದ್ದ ದಿನಗಳು ನನಗೆ ಆಮೇಲೆ ಸಿಗಲಿಲ್ಲ.

ಎಡಿಟಿಂಗ್ ಮಾಡಲು ಕೂತವನು ನನ್ನ ಗೆಳೆಯ. ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಕಿರಿಯ, ಹಾಗಾಗಿ ನನ್ನನ್ನು ಅಕ್ಕ ಎನ್ನುತ್ತಾನೆ. ಉದಯಗಿರಿಯಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವ ಪುಟ್ಟ ಸ್ಟುಡಿಯೋ ಇಟ್ಟುಕೊಂಡಿದ್ದ. ಹೃದಯದ ಆಕಾರದೊಳಗೆ ಗಂಡುಹೆಣ್ಣನ್ನು ಕೂರಿಸುವುದರಲ್ಲಿ, ಪುಟ ಮಗುಚಿದಂತೆ ದೃಶ್ಯ ಬದಲಿಸುವುದರಲ್ಲಿ ಅವನದು ಎತ್ತಿದ ಕೈ. ಅವನಿಗೆ ರೂಢಿಯಿದ್ದ ಹಳೇ ಸಾಫ್ಟ್‌ವೇರ್‌ನಲ್ಲಿ ಕತ್ತರಿಸುವುದು, ಜೋಡಿಸುವುದು ಎಲ್ಲ ಸಲೀಸು. ಓಡಾಡುವ ಮುಖದ ಮೇಲಿನ ಬೊಟ್ಟೊಂದನ್ನು ಅಳಿಸುವುದು ಮಾತ್ರ ಅದರ ಕೈಲಾಗದ ಕೆಲಸ.

ಆಗ ಶುರುವಾಯಿತು ನಮ್ಮ ಹುಡುಕಾಟ. ಮನೆಮಗಳಿಗೆ ಗಂಡು ಹುಡುಕುವವರ ಹಾಗೆ ಕಂಡಕಂಡವರನ್ನೆಲ್ಲ ವಿಚಾರಿಸಿದೆವು. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುತ್ತಿದ್ದರು. ಗೆಳೆಯ ತನ್ನ ಕಂಪ್ಯೂಟರನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದು ನಮ್ಮ ಹಾಲಿನಲ್ಲೇ ಠಿಕಾಣಿ ಹೂಡಿದ. ಪರೀಕ್ಷೆಗೆ ಒಂದೇ ಶಾಟ್: ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಾಳೆ, ಯಾರೋ ಕರೆದಂತಾಗಿ ತಲೆ ಎತ್ತುತ್ತಾಳೆ, ಕೈಯ ಹಿಂಭಾಗದಿಂದ ಕೂದಲು ಸರಿಸಿಕೊಳ್ಳುತ್ತಾಳೆ. ಇದನ್ನು ಪಾಸು ಮಾಡಿದ ಸಾಫ್ಟ್‌ವೇರ್ ನಮ್ಮ ಮನೆ ಸೇರಬೇಕು.

ಮೊದಲನೆಯದು ತಿಂಗಳ ಬಾಡಿಗೆಯದು. ಬೊಟ್ಟಿನ ಮೇಲೆ ಗುರುತು ಹಾಕಿದರೆ ತಾನೇ ಅದರ ಹಿಂದೆ ಓಡಾಡಿ ಅಳಿಸುತ್ತಿತ್ತು. ಅಮ್ಮನ ಕೈ ಹಣೆಗೆ ಅಡ್ಡ ಬಂತೋ, ದಾರಿ ತಪ್ಪಿ ಬೆರಳನ್ನೇ ಅಳಿಸಿಬಿಡುತ್ತಿತ್ತು. ಎರಡನೆಯದು ಕುಂಕುಮದ ಜೊತೆಗೆ ಅದರ ಮೇಲೆ ಅಮ್ಮ ಎಳೆದುಕೊಳ್ಳುವ ವಿಭೂತಿಯನ್ನೂ ಅರ್ಧ ಹುಬ್ಬನ್ನೂ ನುಂಗಿ, ತಿಕ್ಕಿ ತೊಳೆದ ತಟ್ಟೆಯಂಥ ಹಣೆಯನ್ನು ಕೊಟ್ಟಿತು. ಮೂರನೆಯದು ಪುಕ್ಕಟೆ ಸಿಗುವಂಥದ್ದು. ತೆರೆದರೆ ಪರದೆಯ ತುಂಬ ಚಿಕ್ಕ ಚಿಕ್ಕ ಪೆಟ್ಟಿಗೆಗಳು, ಒಂದಕ್ಕೊಂದು ಗೆರೆ ಎಳೆದು ಜೋಡಿಸಬೇಕು. “ಇದೇನಕ್ಕ, ಕರೆಂಟ್ ವೈರಿಂಗ್ ಇದ್ದಂಗಿದೆ” ಎಂದು ಗೆಳೆಯ ಮುಖ ಸಿಂಡರಿಸಿದ. ಅದರಲ್ಲಿ ಕೆಲಸವೇನೋ ಚೊಕ್ಕವಾಗುತ್ತಿತ್ತು, ಆದರೆ ಒಂದೊಂದೇ ಚಿತ್ರವನ್ನು ಕೈಯಾರೆ ತಿದ್ದಬೇಕಿತ್ತು. ಒಂದು ಸೆಕೆಂಡು ಎಂದರೆ ಇಪ್ಪತ್ತನಾಲ್ಕು ಹಣೆ.

ಅವನು ಬಾಡಿಗೆಯದೇ ಇರಲಿ ಎಂದು ಪಟ್ಟು ಹಿಡಿದ. ಬೆರಳು ಅಳಿಸಿಹೋಗುವುದನ್ನು ಕಣ್ಣಾರೆ ಕಂಡಮೇಲೂ ಯಾಕೆ ಈ ಹಟ ಎಂದು ನಾನು ರೇಗಿದೆ. ಅವನು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ.

“ಅದಾದ್ರೆ ಬಟನ್ ಒತ್ತಿದ್ರೆ ಅದೇ ಅಳಿಸ್ಕೊಂಡ್ ಹೋಯ್ತದೆ ಅಕ್ಕ. ನಾನ್ ಅಳಿಸ್ದಂಗಾಗಲ್ಲ.”

“ಅದು ಬರೀ ಬಣ್ಣ ಕಣೋ.”

“ಮದ್ವೆ ವಿಡಿಯೋದಲ್ಲಿ ಕುಂಕುಮ ಸರಿಯಾಗಿ ಕಾಣಲ್ಲ ಅಂತ ಕೆಂಪು ಏರಿಸಿ ಏರಿಸಿ ಕೊಟ್ಟಿರೋ ಕೈ ಇದು. ಅಮ್ಮ ಒಳಗೆ ನಂಗೇ ಕಾಫಿ ಮಾಡ್ತಾವ್ರೆ. ನಾನಿಲ್ಲಿ ಕೂತ್ಕೊಂಡು ಅವ್ರ ಹಣೆ ಒರೆಸ್ಲಾ? ನನ್ ಕೈಲಾಗಲ್ಲ, ಬುಟ್ಬುಡು.”

ಸಿಟ್ಟಿನಲ್ಲಿ ಅವನನ್ನು ಎಬ್ಬಿಸಿ ನಾನೇ ಕೂತೆ. ಪರದೆಯ ತುಂಬ ಅಮ್ಮನ ಮುಖ. ಮೌಸಿನ ಬಾಣವನ್ನು ಕುಂಕುಮದ ಮೇಲೆ ತಂದು ನಿಲ್ಲಿಸಿದೆ. ಶಾಲೆಯಲ್ಲಿ ಮೂಢನಂಬಿಕೆಯ ಬಗ್ಗೆ ಮಕ್ಕಳಿಗೆ ಭಾಷಣ ಬಿಗಿಯುವ ಮೇಡಂ ನಾನು. ಒತ್ತಲು ಬೆರಳು ಬರಲಿಲ್ಲ. ಹೆದರಿಕೆಯಾಯಿತು, ಅದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ಸುಳ್ಳಾಗುತ್ತದೆ.

ಕಿಟಕಿಯ ಹತ್ತಿರ ಪೇಪರ್ ಓದುತ್ತ ಕೂತಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಪೇಪರ್ ಮಡಿಸಿಟ್ಟು ಎದ್ದು ಬಂದು, “ಏಳು, ನಾನ್ ಕೂತ್ಕೋತೀನಿ” ಎಂದರು. “ಇವುಗಳಲ್ಲಿ ಬ್ರಷ್ ಇರೋದು ಯಾವುದ್ರಲ್ಲಪ್ಪಾ?”

ಪುಕ್ಕಟೆಯದರಲ್ಲಿ ಒಳ್ಳೇ ಬ್ರಷ್ ಇದೆ ಎಂದು ಗೆಳೆಯ ಹೇಳಿದ. ಆದರೆ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ ಎಂದೂ ಸೇರಿಸಿದ.

“ಕೂತ್ರಾಯ್ತು. ಅವಳ ಗಂಡ ನಾನು. ಅಳಿಸೋದಿದ್ರೆ ನಾನೇ ಅಳಿಸ್ಬೇಕು.”

ನಮ್ಮ ಸಾಫ್ಟ್‌ವೇರ್ ಆಯ್ಕೆ ಹೀಗೆ ಮುಗಿಯಿತು. ಅಪ್ಪನಿಗೆ ಮೌಸ್ ಒಗ್ಗಲಿಲ್ಲ. ಸೋಪು ಹಿಡಿದ ಹಾಗಿದೆ ಎಂದು ಗೊಣಗಿದರು. ಗೆಳೆಯ ಪೆನ್ನಿನಿಂದ ಬರೆಯುವ ಹಲಗೆಯೊಂದನ್ನು ಎಲ್ಲಿಂದಲೋ ಹೊಂಚಿ ತಂದ. ಬೆಳಿಗ್ಗೆ ಪೂಜೆ, ತಿಂಡಿ ಮುಗಿಸಿ ಅಪ್ಪ ಅದರ ಮುಂದೆ ಕೂತರೆ ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ. ಪಕ್ಕದ ಚರ್ಮದ ಬಣ್ಣ ತೆಗೆದುಕೊಂಡು ಕುಂಕುಮದ ಮೇಲೆ ಬಳಿಯುವರು, ಮುಂದಿನ ಚಿತ್ರಕ್ಕೆ ಹೋಗುವರು. ಹಾಗೆ ಬಳಿದ ಮೇಲೆ ಅಲ್ಲೊಂದು ಸಣ್ಣ ಕಲೆಯನ್ನೂ ಬಿಡಿಸುತ್ತಿದ್ದರು. ಇದೇನು ಎಂದು ಕೇಳಿದೆ.

“ಸಿಡುಬು ಎದ್ದಿತ್ತಂತೆ ಚಿಕ್ಕವಳಿದ್ದಾಗ. ಕುಂಕುಮದ ಕೆಳಗೆ ಇದೆ, ನಿಂಗೆ ಗೊತ್ತಿಲ್ಲ.”

“ಯಾರಿಗೂ ಕಾಣಲ್ಲ ಸಾರ್, ಬುಡಿ” ಎಂದ ಗೆಳೆಯ.

“ಅಲ್ಲಿದೆಯಲ್ಲಪ್ಪ” ಎಂದು ಅಪ್ಪ ಮುಂದಿನ ಹಣೆಗೆ ಹೋದರು.

ಅಮ್ಮ ಆ ಪರದೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಾಫಿ ಇಟ್ಟವಳೇ ಬೇರೆ ಕಡೆ ಮುಖ ಮಾಡಿ ಹೋಗುತ್ತಿದ್ದಳು. ಅಪ್ಪ ಮಾತ್ರ ಒಂದೊಂದು ಶಾಟ್ ಮುಗಿದಾಗಲೂ ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋಗಿಬರುತ್ತಿದ್ದರು. ಒಂದು ದಿನ ಹಿಂದೆಯೇ ಹೋಗಿ ನೋಡಿದೆ. ಲೋಟಕ್ಕೆ ಕೈ ಹಾಕಿರಲಿಲ್ಲ. ಚಪಾತಿ ಲಟ್ಟಿಸುತ್ತಿದ್ದ ಅಮ್ಮನ ಹಣೆಯನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದರು. “ಇನ್ನೂ ಇದೆ, ಹೋಗಿ ಕೆಲಸ ನೋಡ್ಕೊಳ್ರೀ” ಎಂದಳು ಅಮ್ಮ, ತಲೆ ಎತ್ತದೆ. ನನಗೆ ಅಪ್ಪನ ಮೇಲೆ ಅಷ್ಟು ಪ್ರೀತಿ ಉಕ್ಕಿದ ಗಳಿಗೆ ಬೇರೆ ನೆನಪಿಲ್ಲ.

ಸಿನಿಮಾ ಒಂದು ಚಿಕ್ಕ ಸಭಾಂಗಣದಲ್ಲಿ ತೆರೆಕಂಡಿತು. ನೋಡಿದವರೆಲ್ಲ ನನ್ನನ್ನು ಕೇಳಿದ್ದು ಒಂದೇ, ಆ ಹೆಂಗಸು ಬಿಸಿಲಿನಲ್ಲೂ ಯಾಕೆ ಸ್ವೆಟರ್ ಹಾಕಿಕೊಂಡಿರುತ್ತಾಳೆ ಎಂದು. ಗಂಡನ ನೆನಪಿಗೆ ಎಂದು ಒಬ್ಬರು ತಾವೇ ಅರ್ಥ ಹಚ್ಚಿ ತಲೆದೂಗಿದರು. ಹಣೆಯ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಅಪ್ಪನಿಗೆ ಅದು ಹೆಮ್ಮೆಯೂ ಹೌದು, ಕೊರಗೂ ಹೌದು. ಈಗ ಇಂಥ ಕೆಲಸವನ್ನೆಲ್ಲ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆಯಂತೆ. ಗೆಳೆಯ ತನ್ನ ಹೊಸ ಸ್ಟುಡಿಯೋದಲ್ಲಿ ತೋರಿಸಲು ಕರೆಯುತ್ತಿರುತ್ತಾನೆ. ನಾನು ಹೋಗಿಲ್ಲ. ಹಾಲಿನಲ್ಲಿ ಆ ಪೆನ್ನಿನ ಸಣ್ಣ ಸದ್ದು, ಅಪ್ಪನ ಗೊಣಗಾಟ, ಎಲ್ಲವೂ ನಿಧಾನವಾಗಿದ್ದದ್ದೇ ನನಗೆ ಬೇಕಾದದ್ದು.

ಅಪ್ಪ ಹೋದ ವರ್ಷ ತೀರಿಕೊಂಡರು. ಮನೆಯ ತುಂಬ ನೆಂಟರು ಸೇರಿದ್ದರು. ಕಾರ್ಯಗಳೆಲ್ಲ ಮುಗಿದ ಮೇಲೆ ಹೆಂಗಸರು ಅಮ್ಮನನ್ನು ಒಳಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿದರು. ಅತ್ತೆ ಒದ್ದೆ ಬಟ್ಟೆ ಹಿಡಿದುಕೊಂಡು ಬಂದರು. ಅವರನ್ನು ಕೆಟ್ಟವರು ಎನ್ನಲಾರೆ. ತಮ್ಮನನ್ನು ಕಳೆದುಕೊಂಡು ಅತ್ತು ಅತ್ತು ಅವರ ಕಣ್ಣು ಊದಿಕೊಂಡಿತ್ತು. ಬೇಡ ಎನ್ನಲು ನಾನು ಮುಂದೆ ಬಂದೆ.

ಅಮ್ಮ ಅತ್ತೆಯ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದಳು.

“ಅದನ್ನ ಅವರೇ ಅಳಿಸಿ ಹೋಗಿದಾರೆ ಅತ್ತಿಗೆ. ಒಂದೊಂದಾಗಿ, ಈ ಮನೇಲೇ ಕೂತ್ಕೊಂಡು. ಅದು ಮುಗೀತು. ಇದನ್ನ ಬಿಟ್ಬಿಡಿ.”

ಅತ್ತೆ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಆ ಒದ್ದೆ ಬಟ್ಟೆಯಿಂದ ತಮ್ಮ ಕಣ್ಣು ಒರೆಸಿಕೊಂಡು ಅಮ್ಮನ ಪಕ್ಕದಲ್ಲಿ ಕೂತರು.