ಇಲ್ಲ ಅನ್ನಲು ಒಬ್ಬ ಮ್ಯಾನೇಜರ್

ಮಸ್ಕಿಯ ಅಮರಗುಂಡಪ್ಪನಿಗೆ ಅರವತ್ತು ಹತ್ತಿರವಾದರೂ ಬಾಯಲ್ಲಿ ಹಲ್ಲೆಲ್ಲ ಗಟ್ಟಿಯಾಗಿದ್ದವು. ಆ ಬಾಯಲ್ಲಿ ಇರದಿದ್ದದ್ದು ಒಂದೇ: ‘ಇಲ್ಲ’ ಎನ್ನುವ ಮಾತು.

ತಪ್ಪು ಪೂರಾ ಅವನದಲ್ಲ, ಅದರಲ್ಲಿ ಅವನ ಅವ್ವನ ಪಾಲೂ ಇತ್ತು. ಆಕೆಯ ಮನೆಯಲ್ಲಿ ಯಾವುದೂ ತೀರುವಂತಿರಲಿಲ್ಲ. ಜೋಳ ತೀರಿದರೆ ‘ಜ್ವಾಳ ಹೆಚ್ಚಾಗ್ಯಾವ’ ಅನ್ನಬೇಕು. ಬಳೆ ಒಡೆದರೆ ‘ಬಳಿ ಹೆಚ್ಚಾದ್ವು’ ಅನ್ನಬೇಕು. ದೀಪ ಆರಿಸುವುದಕ್ಕೆ ‘ದೊಡ್ಡದು ಮಾಡು’ ಅನ್ನಬೇಕು. ಮನೆಯಿಂದ ಹೊರಡುವವರು ‘ಬರ್ತೀನಿ’ ಅನ್ನಬೇಕೇ ಹೊರತು ‘ಹೋಗ್ತೀನಿ’ ಅನ್ನಕೂಡದು. ಅದು ಮತ್ತೆ ಆ ಹೊಸ್ತಿಲು ತುಳಿಯದವರ ಮಾತು. ಚಿಕ್ಕವನಿದ್ದಾಗ ಒಮ್ಮೆ ಅಮರಗುಂಡಪ್ಪ ‘ಬೆಲ್ಲ ಇಲ್ಲಬೇ ಅವ್ವಾ’ ಅಂದುಬಿಟ್ಟಿದ್ದ. ಆಕೆ ಸೌಟಿನಿಂದಲೇ ತುಟಿಗೆ ತಟ್ಟಿ, ‘ಅಸ್ತು ಅನ್ನೋ ದೇವರು ಜಂತಿ ಮ್ಯಾಲ ಕುಂತಿರ್ತಾವಲೇ’ ಎಂದಿದ್ದಳು. ಈ ಪಾಠ ಎಲ್ಲ ಮನೆಗಳಲ್ಲೂ ಹೇಳಿಕೊಡುತ್ತಾರೆ. ಉಳಿದ ಮಕ್ಕಳು ದೊಡ್ಡವರಾದ ಮೇಲೆ ಎಲ್ಲಿ ಬೇಕೋ ಅಲ್ಲಿ ಧಾರಾಳವಾಗಿ ‘ಇಲ್ಲ’ ಅಂದು ಬದುಕುತ್ತಾರೆ. ಅಮರಗುಂಡಪ್ಪ ಮಾತ್ರ ಒಳ್ಳೆಯ ವಿದ್ಯಾರ್ಥಿಯಾಗಿಯೇ ಉಳಿದ.

‘ಇಲ್ಲ’ದ ಜಾಗದಲ್ಲಿ ಅವನು ಇಟ್ಟುಕೊಂಡಿದ್ದ ಮಾತು ‘ನೋಡೂಣು’. ಬೇರೆಯವರು ‘ನೋಡೂಣು’ ಅಂದರೆ ಕೆಲಸ ಆಗುವುದಿಲ್ಲ ಎಂದು ಊರಿಗೇ ತಿಳಿಯುತ್ತದೆ. ಅಮರಗುಂಡಪ್ಪ ಹೇಳುವ ಶೈಲಿಯೇ ಬೇರೆ. ತಲೆ ಒಂದಿಷ್ಟು ವಾಲಿಸಿ, ಎರಡೂ ಕೆನ್ನೆಯಲ್ಲಿ ನಕ್ಕು, ‘ನೋಡೂಣ್ರೀ, ಯಾಕಾಗವಲ್ದು’ ಅನ್ನುತ್ತಿದ್ದ. ಕೇಳಿದವರು ಕೆಲಸ ಆಯಿತೆಂದೇ ಮನೆಗೆ ಹೋಗುತ್ತಿದ್ದರು.

ಇಂಥ ಮನುಷ್ಯ ಮಠದಲ್ಲಿ ಪ್ರಸಾದ ಬಡಿಸಿಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅವನು ಇಟ್ಟದ್ದು ಕಾರ್ಖಾನೆ. ಲಿಂಗಸೂಗೂರು ರಸ್ತೆಯ ತಗಡಿನ ಶೆಡ್ಡಿನಲ್ಲಿ ಮಂಚ ಮತ್ತು ತಿಜೋರಿ ತಯಾರಾಗುತ್ತಿದ್ದವು. ತಿಜೋರಿ ಅಂದರೆ ಬ್ಯಾಂಕಿನದಲ್ಲ, ಸೀರೆ ಬಂಗಾರ ಇಡುವ, ಬಾಗಿಲಿಗೆ ಕನ್ನಡಿ ಕೂಡಿಸಿದ ಆಳೆತ್ತರದ ಬೀರು. ಈ ಸೀಮೆಯಲ್ಲಿ ಮದುಮಗಳ ಹಿಂದೆ ತಿಜೋರಿ ಹೊತ್ತ ಟೆಂಪೊ ಹೋಗದಿದ್ದರೆ ಮದುವೆ ಅರ್ಧವೇ ಆದಂತೆ. ಮುಹೂರ್ತದ ದಿನ ಮುಂದೆ ಹೋಗುವಂಥದಲ್ಲ, ತಿಜೋರಿ ಅಂದೇ ಬೇಕು. ಅಮರಗುಂಡಪ್ಪ ಬಂದವರಿಗೆಲ್ಲ ‘ನಿಮ್ಮದ ಮೊದಲು’ ಅನ್ನುತ್ತಿದ್ದ. ಒಂದೇ ಮುಹೂರ್ತಕ್ಕೆ ಎಂಟು ಜನ ಮೊದಲಿನವರು. ಶೆಡ್ಡಿನಲ್ಲಿ ಕೆಲಸಗಾರರಿಗೇನೂ ಬರವಿರಲಿಲ್ಲ. ಅವರಲ್ಲಿ ಅರ್ಧ ಜನ ಯಾರದೋ ಅಳಿಯ, ಯಾರದೋ ಮೊಮ್ಮಗ ಎಂಬ ಕಾರಣಕ್ಕೆ ‘ನೋಡೂಣು’ ಬಾಗಿಲಿನಿಂದ ಒಳಗೆ ಬಂದವರು. ಅವರಿಗೆ ವೆಲ್ಡಿಂಗಿನ ಬೆಳಕು ಕಂಡರೆ ಕಣ್ಣುರಿ, ಬಣ್ಣದ ವಾಸನೆಗೆ ತಲೆನೋವು.

ಒಂದು ದಿನ ಸಂತೆಕಲ್ಲೂರಿನ ಯಮನೂರಮ್ಮ ಶೆಡ್ಡಿಗೆ ಬಂದಳು. ಅವಳ ಮಗಳ ಮದುವೆಯಾಗಿ ವಾರ ಕಳೆದಿತ್ತು, ತಿಜೋರಿ ಇನ್ನೂ ಬಣ್ಣ ಕಾಣದೆ ನಿಂತಿತ್ತು. ಬೈಗುಳ ತಿನ್ನಲು ಅಮರಗುಂಡಪ್ಪ ತಯಾರಾಗಿ ಚಹಾ ತರಿಸಿದ. ಅವಳು ಬೈಯಲಿಲ್ಲ.

‘ಸಾವ್ಕಾರ್ರೇ, ನಮ್ಮ ಹುಡುಗಿ ಹಿಂದ ಖಾಲಿ ಟೆಂಪೊ ಹೋತು. ಆಕಿ ಅತ್ತಿ, ಟೆಂಪೊದಾಗ ಗಾಳಿ ತುಂಬಿ ಕಳಿಸ್ಯಾರೇನು ಅಂದ್ಳಂತ,’ ಎಂದಳು. ‘ನೀವು ಇಲ್ಲ ಅಂದಿದ್ರ ಸಿಂಧನೂರಾಗ ತಗೊಂತಿದ್ನಿ. ಹೂಂ ಅಂದಿದ್ರ ಮಾಡಿ ಕೊಡ್ಬೇಕಿತ್ತು. ನೋಡೂಣು ಅಂದು ಕೊಂದ್ರೀ.’

ಚಹಾ ಮುಟ್ಟದೆ ಹೋದಳು. ಬೈದವರನ್ನು ಅಮರಗುಂಡಪ್ಪ ಸಂಜೆಯೊಳಗೆ ಮರೆಯುತ್ತಿದ್ದ. ಬೈಯದೆ ಹೋದವಳನ್ನು ಮರೆಯಲಾಗಲಿಲ್ಲ. ನಾಚಿಕೆಯಿಂದ ಎರಡು ದಿನ ಶೆಡ್ಡಿನ ಕಡೆ ಮುಖ ಹಾಕಲಿಲ್ಲ. ಮೂರನೆಯ ದಿನ ಅವನಿಗೊಂದು ಉಪಾಯ ಹೊಳೆಯಿತು. ತನ್ನ ಬಾಯಿಗೆ ಬಾರದ ಮಾತನ್ನು ಆಡಲು ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡರಾಯಿತು. ಹಲ್ಲಿಲ್ಲದವರು ಕಟ್ಟಿಸಿಕೊಳ್ಳುವುದಿಲ್ಲವೇ?

ಮ್ಯಾನೇಜರ್ ಬೇಕಾಗಿದ್ದಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಮೊದಲು ಬಂದವನು ಹೆಂಡತಿಯ ತಮ್ಮ ಸಿದ್ದಲಿಂಗೇಶ. ‘ಮಾಮಾ, ಮನಿ ಮಂದಿ ಇರ್ಬೇಕಾದ್ರ ಹೊರಗಿನವ್ರು ಯಾಕ?’ ಎಂದ. ಅಮರಗುಂಡಪ್ಪ ತಲೆ ವಾಲಿಸಿ ‘ನೋಡೂಣು’ ಅಂದ. ಸಿದ್ದಲಿಂಗೇಶ ನೆಟ್ಟಗೆ ಹೋಗಿ ಎರಡು ಜೊತೆ ಪ್ಯಾಂಟು ಹೊಲಿಯಲು ಹಾಕಿದ.

ಉಳಿದವರಿಗೆ ಅಮರಗುಂಡಪ್ಪ ಒಂದೇ ಪರೀಕ್ಷೆ ಇಟ್ಟ. ‘ನಾಳೆ ಮುಂಜಾನಿಗೆ ಇಪ್ಪತ್ತು ತಿಜೋರಿ ಬೇಕು. ಮಾಡಿಸ್ತೀರೇನು?’ ಸಿಂಧನೂರಿನಿಂದ ಟೈ ಕಟ್ಟಿಕೊಂಡು ಬಂದ ಒಬ್ಬ ಪದವೀಧರ, ‘ಇಪ್ಪತ್ತಲ್ಲ ಸರ್, ಇಪ್ಪತ್ತೈದು ಅಂತ ಗುರಿ ಇಟ್ಕೊಳ್ಳೋಣ’ ಎಂದ. ಲಿಂಗಸೂಗೂರಿನ ನಿವೃತ್ತ ಗುಮಾಸ್ತರೊಬ್ಬರು ಬಸವಣ್ಣನ ಕೃಪೆ ಇದ್ದರೆ ಆಗದ ಕೆಲಸವಿಲ್ಲ ಎಂದರು. ಮತ್ತೊಬ್ಬ ಆಗಲೇ ಅಂಗಿಯ ತೋಳು ಮಡಚತೊಡಗಿದ. ಎಲ್ಲರೂ ತನ್ನಂಥವರೇ ಎಂದು ಅಮರಗುಂಡಪ್ಪನಿಗೆ ಗಾಬರಿಯಾಯಿತು. ದೇಶದಲ್ಲಿ ‘ಇಲ್ಲ’ಕ್ಕೆ ಇಷ್ಟು ಬರಗಾಲ ಬಿದ್ದಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ಬಂದವಳು ಲಿಂಗಸೂಗೂರಿನ ಅರ್ಜುಮಂದ್. ನಲವತ್ತರ ಆಸುಪಾಸು, ಕಪ್ಪು ಬುರ್ಖಾ, ಕೈಯಲ್ಲಿ ಊಟದ ಡಬ್ಬಿ. ಗ್ಯಾಸ್ ಸಿಲಿಂಡರ್ ಕೊಡುವ ಅಂಗಡಿಯೊಂದರ ಕಿಟಕಿಯಲ್ಲಿ ಕೂತು ವರ್ಷಗಟ್ಟಲೆ ‘ಇವತ್ತು ಸ್ಟಾಕ್ ಇಲ್ಲ’ ಅಂದಿದ್ದಳು. ಬುಕಿಂಗ್ ಎಲ್ಲ ಫೋನಿಗೆ ಬಂದ ಮೇಲೆ ಕಿಟಕಿ ಮುಚ್ಚಿತು. ಇಪ್ಪತ್ತು ತಿಜೋರಿಯ ಪ್ರಶ್ನೆ ಕೇಳಿದ್ದೇ ಅವಳು ಎದ್ದು ಶೆಡ್ಡಿಗೆ ಒಂದು ಸುತ್ತು ಹಾಕಿ ಬಂದು ಕೂತಳು.

‘ಆಗಂಗಿಲ್ರೀ.’

‘ಪಗಾರ ಹೆಚ್ಚು ಮಾಡ್ತೀನವಾ.’

‘ಆದ್ರೂ ಆಗಂಗಿಲ್ಲ.’

‘ಮಾಲಕ ನಾನ ಹೇಳಾಕತ್ತೀನಲ್ಲ ತಂಗಿ?’

‘ಮಾಲಕ್ರು ಹೇಳಿದ್ರ ತಗಡು ತಾನ ಮಡಚಿಕೊಳ್ತೈತೇನ್ರಿ? ಇಲ್ಲ ಅಂದ್ರ ಇಲ್ಲ.’

ಅಮರಗುಂಡಪ್ಪನ ಕಿವಿಗೆ ಜೇನು ಸುರಿದಂತಾಯಿತು. ಎಷ್ಟು ಸಲೀಸಾಗಿ ಅಂದಳು! ಜಂತಿಯ ಕಡೆ ನೋಡಿದ. ಯಾವ ದೇವರೂ ಅಸ್ತು ಅಂದ ಹಾಗೆ ಕಾಣಲಿಲ್ಲ. ‘ಸೋಮವಾರದಿಂದ ಬರ್ರಿ’ ಎಂದ.

ಸೋಮವಾರ ಸಿದ್ದಲಿಂಗೇಶನೂ ಬಂದ, ಹೊಸ ಪ್ಯಾಂಟು ತೊಟ್ಟು, ಪೇಡೆ ಡಬ್ಬಿ ಹಿಡಿದು. ಅವನನ್ನು ದೂರದಿಂದ ಕಂಡದ್ದೇ ಅಮರಗುಂಡಪ್ಪ ಬಾಗಿಲು ತೆರೆದಿದ್ದ ತಿಜೋರಿಯೊಂದರ ಮರೆಗೆ ಸರಿದ. ಕೆಳಗೆ ಅವನ ಧೋತರದ ಅಂಚು, ಚಪ್ಪಲಿ ಎಲ್ಲರಿಗೂ ಕಾಣುತ್ತಿದ್ದವು.

‘ಆ ಕೆಲಸ ಖಾಲಿ ಇಲ್ರೀ,’ ಎಂದಳು ಅರ್ಜುಮಂದ್. ‘ನಾ ಬಂದೀನಿ.’

‘ನಮ್ಮ ಮಾಮಾ ಹೂಂ ಅಂದಾರ!’

‘ನೋಡೂಣು ಅಂದಿರ್ಬೇಕು. ಇವತ್ತು ನೋಡಿದ್ರು, ಇಲ್ಲ.’

ಸಿದ್ದಲಿಂಗೇಶ ತಿಜೋರಿಯ ಕೆಳಗಿನ ಚಪ್ಪಲಿಗಳನ್ನು ಒಂದು ಗಳಿಗೆ ದಿಟ್ಟಿಸಿ, ಪೇಡೆ ಸಮೇತ ಹೊರಟುಹೋದ. ಸಂಜೆಯೊಳಗೆ ಅವಳಿಗೆ ಊರಿನಲ್ಲಿ ಹೆಸರಿಟ್ಟೂ ಆಗಿತ್ತು. ‘ಎಲ್ಲಮ್ಮ ಗುಡ್ಡದಾಗ ಅದಾಳ, ಇಲ್ಲಮ್ಮ ಮಸ್ಕ್ಯಾಗ ಅದಾಳ.’

ಇಲ್ಲಮ್ಮ ಅಂದವರೇ ತಿಂಗಳೊಪ್ಪತ್ತಿನಲ್ಲಿ ಅವಳ ಮುಂದೆ ಸಾಲು ನಿಂತರು. ದಿನ ಸಿಕ್ಕರೆ ಹೂಂ ಅನ್ನುತ್ತಿದ್ದಳು, ಸಿಗದಿದ್ದರೆ ಇಲ್ಲ ಅಂದು ಸಿಂಧನೂರಿನ ಅಂಗಡಿಯ ದಾರಿಯನ್ನೂ ಹೇಳಿ ಕಳಿಸುತ್ತಿದ್ದಳು. ಹೂಂ ಅಂದ ತಿಜೋರಿ ಮುಹೂರ್ತಕ್ಕೆ ಮುಂಚೆಯೇ ಮನೆ ಮುಂದೆ ಇಳಿಯುತ್ತಿತ್ತು. ಕಣ್ಣುರಿಯ ಅಳಿಯಂದಿರು ಒಬ್ಬೊಬ್ಬರಾಗಿ ಕರಗಿದರು. ಅಮರಗುಂಡಪ್ಪ ಗದ್ದುಗೆಯ ಸ್ವಾಮಿಗಳ ಹಾಗೆ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ನಕ್ಕು, ‘ಮ್ಯಾನೇಜರಿಗೆ ಕೇಳ್ರಿ’ ಅನ್ನುತ್ತಿದ್ದ. ಅರವತ್ತು ವರ್ಷದ ಕಾಯಿಲೆಗೆ ಇಷ್ಟು ಸುಲಭದ ಮದ್ದಿರುವಾಗ ಇಷ್ಟು ದಿನ ಯಾಕೆ ಒದ್ದಾಡಿದೆನೆಂದು ಆಶ್ಚರ್ಯಪಟ್ಟ.

ಆಗ ಮಗಳ ಸಂಬಂಧ ಕೂಡಿಬಂತು.

ಶಿವಕುಮಾರಿ ಲಿಂಗಸೂಗೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಆ ನೌಕರಿಗಾಗಿ ಅವಳು ಓದಿದ್ದು ಮನೆಯಲ್ಲಲ್ಲ. ಮನೆಯ ಕೋಣೆಗಳಲ್ಲಿ ಸದಾ ಅಪ್ಪ ‘ನೋಡೂಣು’ ಅಂದ ನೆಂಟರ ಮಕ್ಕಳು ಇರುತ್ತಿದ್ದರು. ಅವಳು ಶೆಡ್ಡಿನ ಹಿಂದೆ ಬಣ್ಣದ ಡಬ್ಬಿಗಳ ನಡುವೆ, ಮೂಗಿಗೆ ವೇಲು ಕಟ್ಟಿಕೊಂಡು ಓದಿ ಪಾಸಾಗಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳ ಅವ್ವ ಬಸವಣ್ಣೆಮ್ಮ ಗಂಡನಿಗೆ ಹೇಳಿ ಹೇಳಿ ಸೋತಿದ್ದಳು.

ಹುಡುಗ ಸಿಂಧನೂರಿನವನು. ಗೊಬ್ಬರದ ಅಂಗಡಿ, ಒಳ್ಳೆಯ ಮನೆತನ, ನಗುಮುಖ. ಹುಡುಗಿಗೂ ಒಪ್ಪಿಗೆಯಾಗಿತ್ತು. ವೀಳ್ಯದ ದಿನ ಎಲ್ಲ ಮುಗಿದು ಹೊರಡುವಾಗ ಬೀಗತಿ ಮೆಲ್ಲಗೆ, ‘ಮದುವಿ ಆದಮ್ಯಾಲ ಹುಡುಗಿ ನೌಕರಿ ಬಿಡ್ಲಿ. ನಮಗೇನು ಕಡಿಮಿ ಆಗೇತಿ?’ ಎಂದಳು.

ಅಮರಗುಂಡಪ್ಪನ ತಲೆ ತಾನೇ ವಾಲಿತು. ಕೆನ್ನೆ ತಾವೇ ನಕ್ಕವು. ‘ನೋಡೂಣ್ರೀ, ಯಾಕಾಗವಲ್ದು.’

ಬೀಗರು ಸಂತೋಷದಿಂದ ಕಾರು ಹತ್ತಿದರು. ಬಾಗಿಲ ಹಿಂದೆ ನಿಂತಿದ್ದ ಶಿವಕುಮಾರಿ ಹೊರಗೆ ಬಂದಳು. ಅವಳ ಮುಖ ನೋಡಿ ಅಮರಗುಂಡಪ್ಪನಿಗೆ ಯಮನೂರಮ್ಮ ನೆನಪಾದಳು.

‘ಅಪ್ಪಾ, ನೀ ಊರಿಗೆ ಹೂಂ ಅಂದದ್ದೆಲ್ಲಾ ನಮಗ ಇಲ್ಲ ಆತು. ನನ್ನ ಸೈಕಲ್ ಹೋತು, ಕೋಣಿ ಹೋತು, ಸುಮ್ಮನಿದ್ನಿ. ನೌಕರಿ ಬಿಡಂಗಿಲ್ಲ. ಬಿಡಂಗಿಲ್ಲ ಅಂತ ನೀನ ಹೋಗಿ ಹೇಳಿ ಬಾ.’

ಮರುದಿನ ಅವನು ಸೀದಾ ಅರ್ಜುಮಂದಳ ಮೇಜಿನ ಮುಂದೆ ನಿಂತ, ಗಿರಾಕಿಯ ಹಾಗೆ. ‘ತಂಗಿ, ಸಿಂಧನೂರಿಗೆ ಒಂದು ಸಲ ಹೋಗಿ ಬರ್ತೀಯೇನವಾ? ಒಂದ ಮಾತು ಹೇಳಿ ಬರೋದು. ಕಾರು ಮಾಡಿ ಕೊಡ್ತೀನಿ.’

ಎಲ್ಲ ಕೇಳಿಸಿಕೊಂಡ ಅರ್ಜುಮಂದ್, ‘ಇಲ್ರೀ’ ಎಂದಳು.

‘ಅದಕ್ಕ ಅಲ್ಲೇನು ನಿನ್ನ ಇಟ್ಕೊಂಡಿದ್ದು?’

‘ಫ್ಯಾಕ್ಟರ್ಯಾಗ ಇಲ್ಲ ಅನ್ನೋದು ನಂದು ಸಾವ್ಕಾರ್ರೇ, ಮನ್ಯಾಗ ಇಲ್ಲ ಅನ್ನೋದು ನಿಮ್ದು. ಅದಕ್ಕ ಮ್ಯಾನೇಜರ್ ಸಿಗಂಗಿಲ್ಲ.’ ಅವಳು ದನಿ ತಗ್ಗಿಸಿದಳು. ‘ನಮ್ಮಪ್ಪಾನೂ ಹಿಂಗ ನಕ್ಕೋಂತ ನನ್ನ ಸಾಲಿ ಬಿಡಿಸಿ ನಿಕಾ ಮಾಡಿದ್ರು. ನಾ ಇಲ್ಲ ಅನ್ನೋದು ಕಲ್ತಿದ್ದು ಆಮ್ಯಾಲ, ಗ್ಯಾಸಿನ ಕಿಟಕ್ಯಾಗ.’

ಸಿಂಧನೂರಿನ ಬಸ್ಸಿನಲ್ಲಿ ಅಮರಗುಂಡಪ್ಪ ಕಿಟಕಿಯ ಕಡೆ ಮುಖ ಮಾಡಿ ‘ಇಲ್ಲ, ಇಲ್ಲ’ ಎಂದು ಅಭ್ಯಾಸ ಮಾಡಿದ. ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳಿಗೆ ಅನ್ನುವುದು ಕಷ್ಟವಾಗಲಿಲ್ಲ. ಅಷ್ಟರಲ್ಲಿ ಪಕ್ಕದವನೊಬ್ಬ ‘ಸ್ವಲ್ಪ ಸರೀತೀರೇನ್ರಿ ಯಜಮಾನ್ರೇ?’ ಎಂದ. ಅಮರಗುಂಡಪ್ಪ ಸರಿದ, ಅವನ ಹಿಂದಿನವನಿಗೂ ಸರಿದ, ಕೊನೆಗೆ ಎದ್ದೇ ನಿಂತುಕೊಂಡು ಸಿಂಧನೂರು ತಲುಪಿದ.

ಬೀಗರ ಮನೆಯಲ್ಲಿ ಸಿರಾ ಕೊಟ್ಟರು. ಈ ಸಂಬಂಧ ಮುರಿದರೆ ಊರು ಏನೆಲ್ಲ ಅನ್ನುತ್ತದೆಂದು ಅವನಿಗೆ ಗೊತ್ತಿತ್ತು. ತಟ್ಟೆ ಕೆಳಗಿಟ್ಟು, ‘ಹುಡುಗಿ ನೌಕರಿ ಮಾಡ್ಲಿರೀ. ಆಕಿಗೆ ಭಾಳ ಆಸೆ ಐತಿ’ ಎಂದ. ಎರಡೂ ಕೈ ಮುಗಿದ.

‘ಅವತ್ತು ಹೂಂ ಅಂದಿದ್ರಲ್ಲಾ? ನಮ್ಮ ಮನಿ ಸೊಸಿ ಬಸ್ಸು ಹತ್ತಂಗಿಲ್ಲ,’ ಎಂದಳು ಬೀಗತಿ.

ಅಮರಗುಂಡಪ್ಪ ಹುಡುಗನ ಕಡೆ ತಿರುಗಿದ. ನೌಕರಿಗೆ ತನ್ನದೇನೂ ಅಡ್ಡಿಯಿಲ್ಲವೆಂದು ಇವನೇ ಫೋನಿನಲ್ಲಿ ಹೇಳಿದ್ದನ್ನು ಶಿವಕುಮಾರಿ ನಂಬಿದ್ದಳು. ‘ನೀವೇನಂತೀರಿ?’

ಹುಡುಗ ಅವ್ವನ ಮುಖ ನೋಡಿದ, ಇವನ ಮುಖ ನೋಡಿದ. ಆಮೇಲೆ ತಲೆ ಒಂದಿಷ್ಟು ವಾಲಿಸಿ, ಎರಡೂ ಕೆನ್ನೆಯಲ್ಲಿ ನಕ್ಕು, ‘ನೋಡೂಣ್ರೀ ಮಾವಾರೇ’ ಎಂದ.

ಅದೇ ವಾಲು, ಅದೇ ನಗು. ತನ್ನ ಮುಖವನ್ನು ಅಮರಗುಂಡಪ್ಪ ದಿನಾ ತಿಜೋರಿಯ ಕನ್ನಡಿಗಳಲ್ಲಿ ನೋಡುತ್ತಿದ್ದ, ಆದರೆ ಕೇಳುವವರ ಕಡೆ ನಿಂತು ನೋಡಿದ್ದು ಇದೇ ಮೊದಲು. ಮಗಳು ಬಣ್ಣದ ಡಬ್ಬಿಗಳ ನಡುವಿನಿಂದ ಎದ್ದು ಮತ್ತೊಬ್ಬ ಅಮರಗುಂಡಪ್ಪನ ಮನೆಗೆ ಹೊರಟಿದ್ದಳು.

‘ನೋಡೂಣು ಬ್ಯಾಡಪ್ಪ,’ ಎಂದ. ‘ಹೂಂ ಅನ್ನು, ಇಲ್ಲಾಂದ್ರ ಇಲ್ಲ ಅನ್ನು.’

ಹುಡುಗ ನಗುತ್ತಲೇ ಇದ್ದ. ಪಾಪ, ಅವನಿಗೂ ಬೇರೆ ಬರುತ್ತಿರಲಿಲ್ಲ.

‘ಹಂಗಾದ್ರ ಈ ಸಂಬಂಧ ಇಲ್ರೀ,’ ಎಂದ ಅಮರಗುಂಡಪ್ಪ.

ಬೀಗತಿ ಏನೇನೋ ಅಂದಳು. ಅವನು ಎದ್ದು ಚಪ್ಪಲಿ ಮೆಟ್ಟಿದ. ಹೊಸ್ತಿಲ ಮೇಲೆ ರೂಢಿಯಂತೆ ‘ಬರ್ತೀನ್ರಿ’ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ, ಕೈ ಮುಗಿದು, ‘ಹೋಗ್ತೀನ್ರಿ’ ಎಂದ.

ಮನೆ ಮುಟ್ಟಿದಾಗ ಶಿವಕುಮಾರಿ ಪಡಸಾಲೆಯಲ್ಲಿ ಕಾಯುತ್ತಿದ್ದಳು.

‘ಅವ್ರು ಏನಂದ್ರು?’

‘ಹುಡುಗ ನೋಡೂಣು ಅಂದ.’

ಆ ಮಾತಿನ ಅರ್ಥವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳ ಕಣ್ಣು ತುಂಬಿದವು, ವೇಲಿನಿಂದ ಒರೆಸಿಕೊಂಡಳು. ‘ನೀ ಏನಂದಿ?’ ಎಂದಳು.

‘ಇಲ್ಲ ಅಂದೆ.’

‘ಏನು?’

‘ಇಲ್ಲ.’ ಈ ಸಲ ದನಿ ಸ್ವಲ್ಪ ಜೋರಾಗಿಯೇ ಬಂತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಸವಣ್ಣೆಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಇಣುಕಿ, ‘ಯಾರ್ ಬಂದಾರ ಶಿವಕುಮಾರಿ? ಯಾರದು ನಮ್ಮ ಮನ್ಯಾಗ ಇಲ್ಲ ಅಂದಾವ್ರು?’ ಎಂದು ಕೇಳಿದಳು.