ಗಾರ್ಡಣ್ಣನ ಜರ್ಮನ್

ಅರಣ್ಯ ಕಚೇರಿಯಲ್ಲಿ ಎಲ್ಲರೂ ಅವರನ್ನು ಗಾರ್ಡಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಕಾಡು ಕಾದವರು. ಮಾತು ಕಡಿಮೆ, ಸುಳ್ಳು ಇನ್ನೂ ಕಡಿಮೆ. ಅಂಥವರ ಕೈಗೆ ಒಂದು ಸೋಮವಾರ ಟೈಪಿಸ್ಟ್ ಮೇಡಂ ಮೂರು ಕಾಲಮ್ಮಿನ ಹಾಳೆಯೊಂದನ್ನು ಕೊಟ್ಟರು: ನಮ್ಮ ಭಾಷೆ, ಇಂಗ್ಲಿಷ್, ಜರ್ಮನ್.

"ಜರ್ಮನಿಯಿಂದ ಕಾಡಿನ ತಜ್ಞೆ ಬರ್ತಿದ್ದಾರೆ. ಅವರ ಜೊತೆ ನೀವೇ ಓಡಾಡಬೇಕು. ನಲವತ್ತು ಪದ, ಹತ್ತು ದಿನ," ಎಂದರು ರೇಂಜರ್ ಸಾಹೇಬರು.

"ಸಾರ್, ನನಗೆ ಇಂಗ್ಲಿಷೇ ಅಷ್ಟಕ್ಕಷ್ಟೆ."

"ಒಳ್ಳೇದೇ ಆಯ್ತು. ಅವರಿಗೂ ಅಷ್ಟಕ್ಕಷ್ಟೇ ಅಂತೆ."

ಮನೆಯಲ್ಲಿ ಪಾಠ ಶುರುವಾಯಿತು. ಮರಕ್ಕೆ ಬೌಮ್, ಕಾಡಿಗೆ ವಾಲ್ಟ್. ಇವು ಸಲೀಸಾಗಿ ನಾಲಿಗೆಗೆ ಹತ್ತಿದವು. ಪರಿಸರ ರಕ್ಷಣೆಗೆ ಉಮ್‌ವೆಲ್ಟ್‌ಶುಟ್ಸ್. ಅದನ್ನು ನಾಲ್ಕು ಸಲ ಗಟ್ಟಿಯಾಗಿ ಹೇಳಿದಾಗ ಅವರ ಅತ್ತೆ ಅಡುಗೆಮನೆಯಿಂದ, "ನೆಗಡಿಯಾಗಿದ್ರೆ ಬಿಸಿನೀರು ಕುಡಿಯಪ್ಪ," ಎಂದರು. ಮುಂದಿನ ಪೀಳಿಗೆಗೂ ಉಳಿಯುವಂತೆ ಕಾಡನ್ನು ಬಳಸುವುದಕ್ಕೆ ನಾಖ್‌ಹಾಲ್ಟಿಖ್‌ಕೈಟ್. ಹೇಳಿ ಮುಗಿಸುವಷ್ಟರಲ್ಲಿ ಅವರ ಉಸಿರೇ ಉಳಿಯುತ್ತಿರಲಿಲ್ಲ.

ಹೆಂಡತಿ ಹಾಳೆ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಐದನೇ ದಿನಕ್ಕೆ ಆಕೆಗೆ ನಲವತ್ತೂ ಬಾಯಿಪಾಠ, ಇವರಿಗೆ ಹದಿಮೂರು.

"ನಾನೇ ಹೋಗ್ಲೇನ್ರೀ ಕಾಡಿಗೆ?"

ತಜ್ಞೆ ಬಂದರು. ಅರವತ್ತರ ಆಸುಪಾಸಿನ ಎತ್ತರದ ಹೆಂಗಸು. ಮೊದಲ ದಿನ ಸಾಹೇಬರೇ ಮುಂದೆ ನಿಂತು ಕಾಡು ತೋರಿಸಿದರು. ಬಿದ್ದ ಕೊಂಬೆಯಿಲ್ಲ, ಒಣಗಿದ ಮರವಿಲ್ಲ, ಗುಡಿಸಿದ ಅಂಗಳದಂತಿತ್ತು. ಆಕೆ ಸುತ್ತ ನೋಡಿ, "ಟೋಟ್‌ಹೋಲ್ಟ್ಸ್?" ಎಂದರು. ಗಾರ್ಡಣ್ಣ ಹಾಳೆ ನೋಡಿದರು: ಡೆಡ್‌ವುಡ್, ಸತ್ತ ಮರ.

"ನೈನ್, ನೈನ್. ಆಲ್ ಕ್ಲೀನ್," ಎಂದರು ಹೆಮ್ಮೆಯಿಂದ. ಇಲ್ಲ ಎನ್ನುವುದಕ್ಕೆ ನೈನ್ ಎಂದು ಕಲಿತಿದ್ದರು.

ಆಕೆಯ ಮುಖ ಬಾಡಿತು. ಹುಳ, ಅಣಬೆ, ಹಕ್ಕಿ ಬದುಕುವುದೇ ಸತ್ತ ಮರದಲ್ಲಿ, ಅದನ್ನು ಎತ್ತಿ ಹಾಕಿದರೆ ಕಾಡು ಬಡವಾಗುತ್ತದೆ ಎಂದು ಅರೆಬರೆ ಇಂಗ್ಲಿಷಿಗೆ ಕೈಸನ್ನೆ ಬೆರೆಸಿ ತಿಳಿಸಿದರು. ಸಾಹೇಬರು ತಲೆಯಾಡಿಸಿ, ನಾಳೆ ಮೀಟಿಂಗ್ ಇದೆ ಎಂದು ಜಾರಿಕೊಂಡರು.

ಮಾರನೇ ದಿನ ಇಬ್ಬರೇ. ಆಕೆಯ ಸಪ್ಪೆ ಮುಖ ನೋಡಲಾರದೆ ಗಾರ್ಡಣ್ಣ, ಯಾರ ಕಣ್ಣಿಗೂ ಬೀಳದಿರಲಿ ಎಂದುಕೊಂಡಿದ್ದ ಜಾಗಕ್ಕೇ ಕರೆದೊಯ್ದರು. ಅದೊಂದು ಆಳವಾದ ಕೊರಕಲು. ಇಳಿಯಲು ಮಂಡಿ ಬಗ್ಗದೆ ಆರು ವರ್ಷದಿಂದ ಅಲ್ಲಿ ಅವರು ಒಂದು ಕಡ್ಡಿಯನ್ನೂ ಎತ್ತಿರಲಿಲ್ಲ. ಅಂದು ಕೂತುಕೊಂಡೇ ಜಾರಿದರು. ಕೆಳಗೆ ದೊಡ್ಡ ಮರಗಳು ಒಂದರ ಮೇಲೊಂದು ಬಿದ್ದು ಕೊಳೆಯುತ್ತಿದ್ದವು. ಮೈತುಂಬ ಅಣಬೆ, ಪೊಟರೆಯಲ್ಲೊಂದು ಗೂಬೆಮರಿ.

ಆಕೆ ಮಂಡಿಯೂರಿ ತೊಗಟೆ ಎತ್ತಿ ನೋಡಿ, ಮಗುವಿನಂತೆ ನಕ್ಕರು. "ಫಂಟಾಸ್ಟಿಶ್. ವಾರುಮ್?"

ವಾರುಮ್ ಅಂದರೆ ಯಾಕೆ. ಅದು ಆ ಹದಿಮೂರರಲ್ಲಿ ಒಂದು. ಯಾಕೆ ಇದನ್ನು ಹೀಗೇ ಬಿಟ್ಟಿರಿ?

ಗಾರ್ಡಣ್ಣ ಹಾಳೆಯಲ್ಲಿ ಹುಡುಕಿದರು. ತೊಗಟೆಗೆ ಪದವಿತ್ತು, ಬೇರಿಗೆ ಇತ್ತು, ಮನುಷ್ಯನ ಮಂಡಿಗೆ ಇರಲಿಲ್ಲ. ನೆಲ ನೋಡುತ್ತ, "ಮಂಡಿನೋವು," ಎಂದರು. ಆಕೆ ಗಂಭೀರವಾಗಿ ಅಕ್ಷರ ಬಿಡಿಸಿ ಬರೆದುಕೊಂಡರು.

ಮೂರು ತಿಂಗಳಿಗೆ ವರದಿ ಬಂತು. ಇಲ್ಲಿನ ಕಾವಲುಗಾರರಲ್ಲಿ 'ಮಂಡಿನೋವು' ಎಂಬ ಪಾರಂಪರಿಕ ಸಂರಕ್ಷಣಾ ವಿಧಾನವಿದೆ, ಅದನ್ನು ಇಡೀ ಕಾಡಿಗೆ ವಿಸ್ತರಿಸಬೇಕು ಎಂದಿತ್ತು. ಟೈಪಿಸ್ಟ್ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು.

"ಇದೇನ್ರೀ ಇದು?" ಎಂದರು ಸಾಹೇಬರು.

ಗಾರ್ಡಣ್ಣ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಸಾಹೇಬರು ವರದಿ ಮಡಚಿಟ್ಟರು. ವರದಿ ಆಗಲೇ ಮೇಲಿನವರಿಗೆ ಹೋಗಿತ್ತು. ಅಲ್ಲಿಂದ ಮೆಚ್ಚುಗೆಯೂ ಬಂದಿತ್ತು.

"ಕಾಡಲ್ಲಿರೋ ಉಳಿದ ಐದು ಕೊರಕಲನ್ನೂ ಹಾಗೇ ಬಿಡೋಣ. ಉಸ್ತುವಾರಿ ನಿಮ್ಮದೇ."

"ಏನು ಮಾಡ್ಬೇಕು ಸಾರ್?"

"ಏನೂ ಮಾಡ್ಬಾರದು. ಅದನ್ನ ಸರಿಯಾಗಿ ಮಾಡಿ."

ನಿವೃತ್ತಿಯವರೆಗೂ ಗಾರ್ಡಣ್ಣ ಆ ಕೊರಕಲುಗಳ ಅಂಚಿನಲ್ಲೇ ನಡೆದಾಡಿದರು, ಸೌದೆಗೆ ಬಂದವರನ್ನು ಹಿಂದಕ್ಕೆ ಕಳಿಸುತ್ತ. ಎರಡನೇ ವರ್ಷ ಅಲ್ಲಿನ ಒಂದು ಸತ್ತ ಮರದಲ್ಲಿ ಮರಕುಟಿಗ ಗೂಡು ಕೊರೆದಾಗ ಡೈರಿಯಲ್ಲಿ ದಿನಾಂಕ ಬರೆದು, ಕೆಳಗೆ ಗೆರೆ ಎಳೆದರು.