ದೂರು ಇಲ್ಲ

ಆಕೆಗೆ ‘ಪ್ಲೀಸ್ ಟೀಚರ್’ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಆದರೆ ಅಳೆದು ತೂಗಿಯೇ ಇಟ್ಟಿದ್ದರು. ಬಸ್ಸಿನಲ್ಲಿ ತನ್ನ ಕಾಲನ್ನು ತುಳಿದವನಿಗೆ ತಾನೇ ‘ಸಾರಿ’ ಹೇಳುವ ಹೆಂಗಸು ಅವರು. ಮೂವತ್ತೊಂದು ವರ್ಷ ದೊಡ್ಡ ಕಂಪನಿಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದರು. ಜಗಳಕ್ಕೆಂದೇ ಫೋನ್ ಮಾಡಿದವರನ್ನು ಬೆಣ್ಣೆಯಂಥ ಇಂಗ್ಲಿಷಿನಲ್ಲಿ ತಣ್ಣಗೆ ಮಾಡುವುದು, ಸಾಹೇಬರು ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದರೂ ಮೀಟಿಂಗಿನಲ್ಲಿದ್ದಾರೆ ಎಂದು ನಯವಾಗಿ ತಳ್ಳಿಹಾಕುವುದು, ಇದೇ ಕೆಲಸ. ಕೊನೆಗೆ ಬೋರ್ಡನ್ನು ಯಂತ್ರ ನುಂಗಿತು. ಕಂಪನಿ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿತು. ಆಗ ಅವರಿಗೆ ಐವತ್ತಾರು. ಮದುವೆಯಾಗಿರಲಿಲ್ಲ, ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದರು.

ಮನೆಗೆಲಸಕ್ಕೆ ಹೆಂಗಸರನ್ನು ಹೊರದೇಶಕ್ಕೆ ಕಳಿಸುವ ಏಜೆಂಟ್ ಅವರನ್ನು ಹುಡುಕಿಕೊಂಡು ಬಂದದ್ದು ಆ ನಯಕ್ಕಾಗಿಯೇ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಆಫೀಸು. ಒಂದು ಕೋಣೆಯಲ್ಲಿ ಅವನು, ಅವನ ಫೋನು, ಅವನ ಕಬ್ಬಿಣದ ಕಪಾಟು. ಇನ್ನೊಂದರಲ್ಲಿ ಊಟದ ಮೇಜು, ನಾಲ್ಕು ಕುರ್ಚಿ, ಹಿಡಿ ಮುರಿದ ಎರಡು ಕಪ್ಪು, ಸ್ಪಂಜು ಹೊರಗೆ ಬಂದ ಸೋಫಾ. ಇದೇ ಪರದೇಶದ ಶ್ರೀಮಂತರ ಮನೆ. ಇಲ್ಲಿ ಟೀಚರ್ ಪ್ರತಿ ತಂಡಕ್ಕೂ ನಲವತ್ತು ದಿನ ನಯದ ಇಂಗ್ಲಿಷಿನ ಕ್ಲಾಸು ನಡೆಸಬೇಕು. ಹೆಂಗಸರು ಸರದಿಯ ಮೇಲೆ ಯಜಮಾನಿಯಾಗಿ ಸೋಫಾದಲ್ಲಿ ಕೂರುತ್ತಿದ್ದರು, ಉಳಿದವರು ಖಾಲಿ ಕಪ್ಪು ಹಿಡಿದು ಸಾಲಾಗಿ ಬಂದು ‘ವುಡ್ ಯೂ ಲೈಕ್ ಸಮ್ ಟೀ, ಮೇಡಂ?’ ಎನ್ನುತ್ತಿದ್ದರು. ‘ಶಲ್ ಐ ಕ್ಲೋಸ್ ದಿ ವಿಂಡೋ?’ ‘ಮೇ ಐ ಟೇಕ್ ಯುವರ್ ಕೋಟ್?’ ಕೋಟನ್ನೇ ಕಾಣದವರು ಕೋಟು ಇಸಿದುಕೊಳ್ಳುವುದನ್ನು ಕಲಿಯುತ್ತಿದ್ದರು.

ಕೆಲವು ಮಾತುಗಳಿಗೆ ಆ ಕೋಣೆಯಲ್ಲಿ ಪ್ರವೇಶವಿರಲಿಲ್ಲ. ‘ನೋ’ ಎನ್ನಬಾರದು. ‘ಐ ವಾಂಟ್’ ಎನ್ನಬಾರದು. ಆಗುವುದಿಲ್ಲ, ನೋಯುತ್ತಿದೆ, ಸಾಕಾಯಿತು, ಇವು ಯಾವುವೂ ಬಾಯಿಗೆ ಬರಬಾರದು. ಏನಾದರೂ ಬೇಕಿದ್ದರೆ ಸುತ್ತಿ ಬಳಸಿ ಕೇಳಬೇಕು. ‘ತೊಂದರೆ ಇಲ್ಲದಿದ್ದರೆ’ ಎಂದು ಶುರು ಮಾಡಿ ‘ಸಾಧ್ಯವಾದೀತೇ’ ಎಂದು ಮುಗಿಸಬೇಕು. ಒರಟು ಮಾತಾಡಿದವರನ್ನು ಆ ಮನೆಗಳು ವಾಪಸ್ಸು ಅಟ್ಟುತ್ತವೆ ಎನ್ನುವುದು ಏಜೆಂಟನ ಲೆಕ್ಕಾಚಾರ. ಟೀಚರಿಗೆ ಲೆಕ್ಕಾಚಾರ ಬೇಕಿರಲಿಲ್ಲ, ಅವರು ಅದನ್ನು ಮನಸಾರೆ ನಂಬಿದ್ದರು. ನಯವಾಗಿ ಕೇಳಿದರೆ ಕಲ್ಲೂ ಕರಗುತ್ತದೆ ಎಂದು ತಿಳಿದವರು. ಅವರಿಗಾಗಿ ಯಾವ ಕಲ್ಲೂ ಯಾವತ್ತೂ ಕರಗಿರಲಿಲ್ಲ, ಅದು ಬೇರೆ ಮಾತು.

ಆರನೇ ತಂಡದಲ್ಲಿ ಬಂದವಳು ಹೊಲಿಗೆಯವಳು. ಬಟ್ಟೆ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕಾಲರ್ ಹೊಲಿದಿದ್ದಳು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬೇರೆ ದಾರಿ ಕಾಣದೆ ಬಂದಿದ್ದಳು. ಇಪ್ಪತ್ತೆಂಟು ವರ್ಷ, ಮನೆಯಲ್ಲಿ ತಾಯಿಯೊಬ್ಬಳೇ. ತಾಯಿ ಒಂದು ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಇಸ್ತ್ರಿಯಮ್ಮ. ಮಗಳದು ಗಂಟಲೋ ಕಾರ್ಖಾನೆಯ ಸೈರನ್ನೋ ಹೇಳುವುದು ಕಷ್ಟ. ನೂರು ಮಿಷನ್ನುಗಳ ಸದ್ದಿನ ಮೇಲೆ ಮಾತಾಡಿ ಬೆಳೆದ ದನಿ. ಮೊದಲ ದಿನ ಕಪ್ಪು ಹಿಡಿದು ಸೋಫಾದ ಹತ್ತಿರ ಹೋಗಿ ‘ಯೂ ವಾಂಟ್ ಟೀ?’ ಎಂದು ಪೊಲೀಸರು ಕಳ್ಳನನ್ನು ವಿಚಾರಿಸುವಂತೆ ಕೇಳಿದ್ದಳು. ಸೋಫಾದಲ್ಲಿ ಕೂತಿದ್ದ ಯಜಮಾನಿ ಹೆದರಿ ಎದ್ದು ನಿಂತಳು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು, ಹೊಲಿಗೆಯವಳೂ ನಕ್ಕಳು.

ಟೀಚರ್ ಆ ದನಿಯನ್ನು ತಿದ್ದಲು ಪಟ್ಟು ಹಿಡಿದರು. ಕ್ಲಾಸು ಮುಗಿದ ಮೇಲೂ ಕೂರಿಸಿಕೊಂಡು ಹೇಳಿಕೊಟ್ಟರು. ದನಿ ಇಳಿಸು, ಕಣ್ಣು ಇಳಿಸು, ಕೊನೆಯ ಪದದ ಮೇಲೆ ಸ್ವಲ್ಪ ನಗು ಇಡು. ನಲವತ್ತನೆಯ ದಿನ ಹೊಲಿಗೆಯವಳು ಎದ್ದು ನಿಂತು ಹದಿನೆಂಟನೆಯ ಪಾಠವನ್ನು, ಬೇಕಾದ್ದನ್ನು ಸುತ್ತಿ ಬಳಸಿ ಕೇಳುವ ಎಲ್ಲಕ್ಕಿಂತ ಕಷ್ಟದ್ದನ್ನು, ರೇಡಿಯೋದವರ ಹಾಗೆ ಒಪ್ಪಿಸಿದಳು. ಟೀಚರಿಗೆ ಕಣ್ಣು ತುಂಬಿ ಬಂತು. ಹೆತ್ತ ಮಗಳು ಡಿಗ್ರಿ ತಂದಿದ್ದರೂ ಅಷ್ಟು ಹಿಗ್ಗುತ್ತಿದ್ದರೋ ಇಲ್ಲವೋ.

ಹೋದವರು ತಿಂಗಳಿಗೊಮ್ಮೆ ಫೋನ್ ಮಾಡಬಹುದಿತ್ತು. ಹತ್ತು ನಿಮಿಷ, ಯಜಮಾನರ ಎದುರಿಗೆ, ಫೋನನ್ನು ಸ್ಪೀಕರಿಗೆ ಹಾಕಿ, ಇಂಗ್ಲಿಷಿನಲ್ಲಿ ಮಾತ್ರ. ತಮ್ಮ ಮನೆಯಲ್ಲಿ ತಮಗೆ ಅರ್ಥವಾಗದ ಮಾತು ಆಡಬಾರದೆಂದು ಆ ಕಡೆಯವರ ನಿಯಮ. ತಂದೆತಾಯಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಹಾಗಾಗಿ ಫೋನ್ ಆಫೀಸಿಗೆ ಬರುತ್ತಿತ್ತು. ಟೀಚರ್ ಮಾತಾಡಿ, ಪಕ್ಕದಲ್ಲಿ ಕೂತ ಮನೆಯವರಿಗೆ ಅರ್ಥ ಹೇಳಿ, ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಬೇಕು. ಆ ಸಾಲಿಗೆ ಬೆಲೆ ಇತ್ತು. ತೊಂಬತ್ತು ದಿನದೊಳಗೆ ಯಾರಾದರೂ ವಾಪಸ್ಸು ಬರುತ್ತೇನೆ ಎಂದರೆ ಏಜೆಂಟ್ ಅವಳನ್ನು ಕರೆಸಿ, ಬದಲಿಗೆ ಇನ್ನೊಬ್ಬಳನ್ನು ಕಳಿಸಬೇಕು. ಕರಾರಿನಲ್ಲೇ ಹಾಗಿತ್ತು. ತೊಂಬತ್ತು ದಾಟಿತೋ, ಎರಡು ವರ್ಷ ಅಲ್ಲಿಂದ ಅಲ್ಲಾಡುವಂತಿಲ್ಲ. ಪಾಸ್‌ಪೋರ್ಟ್ ಯಜಮಾನರ ಬೀರುವಿನಲ್ಲಿ.

ಮೊದಲ ತಿಂಗಳು ಹೊಲಿಗೆಯವಳು ಮನೆ ದೊಡ್ಡದಿದೆ, ಹದಿನಾಲ್ಕು ಕಿಟಕಿ ಒರೆಸುತ್ತೇನೆ ಎಂದಳು. ಎರಡನೆಯ ತಿಂಗಳು ಎಲ್ಲಾ ಚೆನ್ನಾಗಿದೆ ಎಂದಳು, ಹೆಚ್ಚು ಮಾತಿರಲಿಲ್ಲ. ಮೂರನೆಯ ಫೋನ್ ಬಂದದ್ದು ಎಂಬತ್ತಾರನೆಯ ದಿನ. ಇಸ್ತ್ರಿಯಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಈ ಬದಿಯಲ್ಲೂ ಸ್ಪೀಕರ್ ಹಾಕಿದ್ದರು. ಕ್ಷೇಮಸಮಾಚಾರ ಆಯಿತು. ಆಮೇಲೆ ಹೊಲಿಗೆಯವಳು ನಿಧಾನವಾಗಿ, ಒಂದೊಂದು ಪದವನ್ನೂ ಕಪ್ಪು ಇಟ್ಟಂತೆ ಇಡುತ್ತಾ ಕೇಳಿದಳು.

“ಮೇಡಂ, ಇಫ್ ಇಟ್ ಈಸ್ ನಾಟ್ ಟೂ ಮಚ್ ಟ್ರಬಲ್, ವುಡ್ ಇಟ್ ಬಿ ಪಾಸಿಬಲ್ ಫಾರ್ ಮಿ ಟು ಕಮ್ ಹೋಮ್?”

ತಮಗೆ ಹೆಚ್ಚು ತೊಂದರೆಯಾಗದಿದ್ದರೆ ನಾನು ಮನೆಗೆ ಬರುವುದು ಸಾಧ್ಯವಾದೀತೇ. ಹದಿನೆಂಟನೆಯ ಪಾಠ, ಒಂದಕ್ಷರ ತಪ್ಪಿಲ್ಲ. ಟೀಚರ್ ಕೇಳಿಸಿಕೊಂಡದ್ದು ಪಾಠವನ್ನು, ಪ್ರಶ್ನೆಯನ್ನಲ್ಲ. ಎಂಥ ಚೆಂದದ ವಾಕ್ಯ ಎಂದು ಉಬ್ಬಿಹೋದರು. ಮೂರನೆಯ ತಿಂಗಳಲ್ಲಿ ಎಲ್ಲರಿಗೂ ಮನೆ ನೆನಪಾಗುತ್ತದೆ, ಇವಳಿಗೂ ಆಗಿದೆ ಎಂದುಕೊಂಡು ಅಷ್ಟೇ ಚೆಂದದ ಉತ್ತರ ಕೊಟ್ಟರು: ಖಂಡಿತ ಬರಬಹುದು ಮಗೂ, ನಿನ್ನ ಎರಡು ವರ್ಷ ಮುಗಿದ ಕೂಡಲೇ ಬರಬಹುದು. ಆ ಕಡೆಯಿಂದ ಥ್ಯಾಂಕ್ ಯೂ ಬಂತು, ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯೂ ಬಂತು, ಫೋನ್ ಕಟ್ ಆಯಿತು.

“ಅಳ್ತಾ ಇದ್ಲು ಅಲ್ವಾ?” ಎಂದಳು ಇಸ್ತ್ರಿಯಮ್ಮ.

ಇಲ್ಲವಲ್ಲ, ಎಷ್ಟು ಹದವಾಗಿ ನಗುನಗುತ್ತಾ ಮಾತಾಡಿದಳು, ನಾನೇ ಕಲಿಸಿದ್ದು ಎಂದರು ಟೀಚರ್. ಇಸ್ತ್ರಿಯಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ.

“ನನ್ ಮಗಳು ಹುಟ್ಟಿದಾಗಿಂದ ಇಷ್ಟು ಮೆತ್ತಗೆ ಮಾತಾಡಿದ್ದೇ ಇಲ್ಲ ಟೀಚರ್.”

ಅದನ್ನು ಟೀಚರ್ ಹೊಗಳಿಕೆ ಎಂದು ತಿಳಿದರು. ರಿಜಿಸ್ಟರ್ ತೆಗೆದು ದುಂಡಗಿನ ಅಕ್ಷರದಲ್ಲಿ ಬರೆದರು: ದೂರು ಇಲ್ಲ, ಇಂಗ್ಲಿಷ್ ಬಹಳ ಸುಧಾರಿಸಿದೆ. ಕೆಳಗೆ ಸಹಿ ಹಾಕಿದರು. ಅವರ ಬುದ್ಧಿಗೆ ಯಾವ ಮಂಕು ಕವಿದಿತ್ತೋ, ಇಷ್ಟು ಓದಿದವರಿಗೆ ಹೆತ್ತವಳ ಕಿವಿಗೆ ಕೇಳಿಸಿದ್ದು ಕೇಳಿಸಲಿಲ್ಲ.

ಅದಾಗಿ ಎಂಟು ದಿನಕ್ಕೆ, ಭಾನುವಾರ ಬೆಳಿಗ್ಗೆ, ತಮ್ಮನ ಹೆಂಡತಿ ಟೀಚರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಬೇಜಾರು ಮಾಡಿಕೊಳ್ಳದಿದ್ದರೆ ಒಂದು ಮಾತು ಎಂದಳು. ದೊಡ್ಡವನಿಗೆ ಪರೀಕ್ಷೆಗೆ ಓದಲು ಒಂದು ಕೋಣೆ ಬೇಕಿತ್ತಂತೆ, ಅತ್ತಿಗೆ ಹಾಲ್‌ನಲ್ಲಿ ಮಲಗಿದರೆ ಆದೀತೇ, ಕಷ್ಟವಾದರೆ ಬೇಡವೇ ಬೇಡ. ಅಯ್ಯೋ ಅದಕ್ಕೇನಂತೆ ಬಿಡು, ನನಗೆ ಅಲ್ಲೇ ಗಾಳಿ ಚೆನ್ನಾಗಿ ಬರುತ್ತದೆ ಎಂದರು ಟೀಚರ್. ಇದ್ದ ಒಂದೇ ಕೋಣೆ, ಬಾಗಿಲು ಹಾಕಿಕೊಂಡು ಅಳಲು ಇದ್ದ ಒಂದೇ ಜಾಗ. ಆದರೆ ಬಾಯಿಂದ ಬಂದ ದನಿ ಮೆತ್ತಗಿತ್ತು, ಹದವಾಗಿತ್ತು, ಕೊನೆಯ ಪದದ ಮೇಲೆ ಸ್ವಲ್ಪ ನಗುವೂ ಇತ್ತು. ಫೋನಿನಲ್ಲಿ ಕೇಳಿದ್ದ ಆ ದನಿಯ ಗುರುತು ಅವರಿಗೆ ಸಿಕ್ಕಿತು. ಹಾಲ್‌ಗೆ ಸಾಗಿಸಲೆಂದು ಎತ್ತಿದ ತಮ್ಮ ಟ್ರಂಕನ್ನು ಕೆಳಗಿಟ್ಟು ಅದರ ಮೇಲೇ ಕುಸಿದು ಕೂತರು. ಬೆರಳು ಮಡಚಿ ದಿನ ಎಣಿಸಿದರು. ಅಂದಿಗೆ ತೊಂಬತ್ತನಾಲ್ಕು.

ಸೋಮವಾರ ಆಫೀಸಿನ ಬೀಗ ತೆಗೆಯುವ ಮೊದಲೇ ಹೋಗಿ ನಿಂತರು. ಹೊಲಿಗೆಯವಳನ್ನು ಕರೆಸಬೇಕು, ಅವಳು ಕೇಳಿದ್ದು ಎಂಬತ್ತಾರನೆಯ ದಿನವೇ, ತಪ್ಪು ತನ್ನದು ಎಂದು ಏಜೆಂಟನಿಗೆ ಬಿಡಿಸಿ ಹೇಳಿದರು. ಅವನು ಸಿಟ್ಟು ಮಾಡಲಿಲ್ಲ. ರಿಜಿಸ್ಟರ್ ತೆಗೆದು ಆ ಪುಟವನ್ನು ಅವರ ಕಡೆ ತಿರುಗಿಸಿ ಇಟ್ಟ.

“ಇದು ನಿಮ್ಮ ಅಕ್ಷರ ತಾನೇ ಟೀಚರ್? ಆ ಕಡೆಯವರಿಗೆ ಇದನ್ನೇ ಕಳ್ಸಾಗಿದೆ. ಈಗ ನಾನೇನ್ ಮಾಡ್ಲಿ?”

ಅವರು ಬೇಡಿಕೊಂಡರು. ದಯವಿಟ್ಟು ಅಂದರು, ನಿಮ್ಮ ಕೈಲಾದರೆ ಅಂದರು. ಮೇಜು ಗುದ್ದಿ ಕೂಗಾಡಿದ್ದರೆ, ಪೊಲೀಸರ ಹತ್ತಿರ ಹೋಗುತ್ತೇನೆ ಎಂದು ಹೆದರಿಸಿದ್ದರೆ ಆತ ಜಗ್ಗುತ್ತಿದ್ದನೋ ಏನೋ. ಕೂಗುವುದು ಅವರಿಗೆ ಬರುತ್ತಿರಲಿಲ್ಲ. ನೋಡೋಣ, ಮುಂದಿನ ತಿಂಗಳು ಬರೆದು ನೋಡುತ್ತೇನೆ ಎಂದು ಅವನು ಕೈ ತೊಳೆದುಕೊಂಡ. ಕೊನೆಗೆ ಆ ಮನೆಗೆ ಒಂದು ಫೋನ್ ಮಾಡಲು ಮಾತ್ರ ಬಿಟ್ಟ. ಎತ್ತಿದವಳು ಯಜಮಾನಿ. ಎಂಥ ತಿಳಿಯಾದ ಇಂಗ್ಲಿಷ್, ಎಂಥ ಸೌಜನ್ಯ! ಅವಳು ಈಗ ಅಡುಗೆಮನೆಯಲ್ಲಿ ಕೆಲಸದಲ್ಲಿದ್ದಾಳೆ, ಕ್ಷಮಿಸಿ, ಏನಾದರೂ ತಿಳಿಸಬೇಕೆ ಎಂದಳು. ಅವಳಿಗೆ ಹೊಡೆಯುತ್ತಿದ್ದೀರಾ ಎಂದು ಕೇಳಬೇಕೆಂದೇ ಟೀಚರ್ ಫೋನ್ ಹಿಡಿದದ್ದು. ಬಾಯಿಂದ ಬಂದದ್ದು, ಬಿಡುವಾದಾಗ ಒಮ್ಮೆ ಫೋನ್ ಮಾಡಲು ತಿಳಿಸಿದರೆ ಉಪಕಾರವಾಗುತ್ತದೆ ಎಂಬ ಮಾತು. ಖಂಡಿತ ತಿಳಿಸುತ್ತೇನೆ ಎಂದು ಯಜಮಾನಿ ಫೋನ್ ಇಟ್ಟಳು. ಟೀಚರ್ ನಾಚಿಕೆಯಿಂದ ನೆಲ ನೋಡುತ್ತಾ ಮೆಟ್ಟಿಲು ಇಳಿದರು.

ನಾಲ್ಕನೆಯ ಫೋನ್ ಬರಲಿಲ್ಲ. ಆ ಸೋಮವಾರವಾಗಿ ಹತ್ತೊಂಬತ್ತನೆಯ ದಿನ ಆ ಮನೆಯವರಿಂದ ಕಾಗದ ಬಂತು. ದಪ್ಪ ಕಾಗದ, ಅಚ್ಚುಕಟ್ಟಾದ ಟೈಪು. ನಾಲ್ಕನೆಯ ಮಹಡಿಯ ಕಿಟಕಿಯನ್ನು ಹೊರಗಿನಿಂದ ಒರೆಸುವಾಗ ತಮ್ಮ ಮನೆಯ ಸಹಾಯಕಿ ಬಿದ್ದು ತೀರಿಕೊಂಡದ್ದನ್ನು ತಿಳಿಸಲು ಅವರು ಬಹಳ ವಿಷಾದಿಸುತ್ತಿದ್ದರು. ಅವಳ ದೇಹವನ್ನು ಕಳಿಸಿಕೊಡಬೇಕೆಂದು ಕುಟುಂಬದವರು ಇಚ್ಛಿಸುತ್ತಾರೆಯೇ ಅಥವಾ ಅಲ್ಲೇ ವ್ಯವಸ್ಥೆ ಮಾಡಿದರೆ ಅನುಕೂಲವೇ, ತಮ್ಮ ಬಿಡುವು ನೋಡಿಕೊಂಡು ತಿಳಿಸಿದರೆ ಕೃತಜ್ಞರಾಗಿರುತ್ತಾರಂತೆ. ಟೀಚರ್ ಎರಡು ಸಲ ಓದಿದರು. ತಿದ್ದಲು ಒಂದು ತಪ್ಪೂ ಇರಲಿಲ್ಲ. ತಾಯಿಗೆ ಸ್ವಲ್ಪ ನಯವಾಗಿ ಹೇಳಿ ಟೀಚರ್, ಅದು ನಿಮಗೇ ಚೆನ್ನಾಗಿ ಬರುವುದು ಎಂದು ಏಜೆಂಟ್ ಕಾಗದವನ್ನು ಅವರ ಕೈಗೇ ಕೊಟ್ಟ.

ಇಸ್ತ್ರಿಯಮ್ಮ ಮೆಟ್ಟಿಲ ಕೆಳಗೆ ಯಾರದೋ ಶಾಲೆಯ ಅಂಗಿಗೆ ನೀರು ಚಿಮುಕಿಸುತ್ತಿದ್ದಳು. ಟೀಚರ ಮುಖ ನೋಡಿದವಳೇ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ದಾರಿಯುದ್ದಕ್ಕೂ ಟೀಚರ್ ಹತ್ತಾರು ಥರ ಜೋಡಿಸಿಕೊಂಡು ಬಂದಿದ್ದರು, ದೇವರ ಇಚ್ಛೆ ಎಂದೂ, ಮನಸ್ಸು ಗಟ್ಟಿ ಮಾಡಿಕೊಳ್ಳಬೇಕೆಂದೂ. ಅಲ್ಲಿ ನಿಂತಾಗ ಅದೆಲ್ಲ ಸುಳ್ಳೆನಿಸಿತು.

“ನಿನ್ ಮಗಳು ಸತ್ತೋದ್ಲು. ಮೂರನೇ ಸಲ ಫೋನ್ ಮಾಡಿದಾಗ ಮನೆಗೆ ಬರ್ಲಾ ಅಂತ ಕೇಳಿದ್ಲು. ನಾನು ಬೇಡ ಅಂದೆ.”

ಇಸ್ತ್ರಿಯಮ್ಮ ಅಳಲಿಲ್ಲ. ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ನಿಂತಳು. ಯಾವತ್ತು, ನಾನು ನಿಮ್ಮ ಪಕ್ಕ ಕೂತಿದ್ದೆನಲ್ಲ ಆವತ್ತೇನಾ ಎಂದು ಕೇಳಿದಳು. ಟೀಚರ್ ಹೌದೆಂದು ತಲೆಯಾಡಿಸಿದರು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಅವಳು ಅಳ್ತಿರೋದು ನಂಗೆ ಕೇಳಿಸ್ತು. ಓದಿರೋರು ನೀವು, ನಗ್ತಿದಾಳೆ ಅಂದ್ರಿ. ನನ್ ಕಿವೀನೇ ಸರಿ ಇಲ್ಲ ಅನ್ಕೊಂಡೆ. ಹೋಗ್ತಾ ದಾರೀಲಿ ಸಿಕ್ಕಿದೋರಿಗೆಲ್ಲ ನನ್ ಮಗಳು ಸುಖವಾಗಿದಾಳೆ ಅಂತ ಹೇಳ್ಕೊಂಡು ಹೋದೆ.”